ಶಾಲೆ ಪಕ್ಕದ ಕೆಟ್ಟ ಮಣ್ಣು: ಜೆಸಿಬಿ ಬರುವ ಮೊದಲೇ ಕೇಳಬೇಕಾದ್ದು

ಮುಚ್ಚಿಹೋದ ಕಾರ್ಖಾನೆಯ ಜಾಗವನ್ನು ಶುದ್ಧ ಮಾಡುತ್ತೇವೆ ಎಂದು ಅಧಿಕಾರಿಗಳು ಬರುತ್ತಾರೆ. ಪಕ್ಕದ ಶಾಲೆಯ ಮಕ್ಕಳ ತಂದೆತಾಯಂದಿರು ಮಾತ್ರ ಅನುಮಾನದಿಂದ ನೋಡುತ್ತಾರೆ. ಕೆಲವರು ಈಗ ಬೇಡ ಅಂತಾರೆ, ಕೆಲವರು ಯಾವತ್ತೂ ಬೇಡ ಅಂತಾರೆ. ವಿಷ ಇದೆ ಅಂತ ಗೊತ್ತಾದ ಮೇಲೂ ತೆಗೆಯಲು ಬಿಡದಿದ್ದರೆ ಹೇಗೆ ಅಂತ ಹೊರಗಿನವರಿಗೆ ಅನಿಸುತ್ತದೆ. ಜನರಿಗೆ ತಿಳಿವಳಿಕೆ ಕಡಿಮೆ ಅಂತ ಹೇಳಿ ಮುಗಿಸಿಬಿಡುತ್ತಾರೆ.

ಆ ಭಯಕ್ಕೆ ಗಟ್ಟಿಯಾದ ಕಾರಣ ಇದೆ. ನೆಲದಡಿ ಹೂತಿರುವ ವಿಷ ಅಲುಗಾಡದೆ ಇದ್ದಷ್ಟು ದಿನ ಅದರ ಅಪಾಯ ಒಂದು ಥರ. ಅಗೆಯಲು ಶುರು ಮಾಡಿದ ದಿನದಿಂದ ಅದು ಗಾಳಿಗೆ ಏಳುತ್ತದೆ, ಮಳೆ ನೀರಿಗೆ ಇಳಿಯುತ್ತದೆ, ಲಾರಿ ಹತ್ತಿ ರಸ್ತೆಗೆ ಬರುತ್ತದೆ. ಹತ್ತಾರು ವರ್ಷ ಹಾಗೇ ಬಿದ್ದಿದ್ದ ಜಾಗ ಮಕ್ಕಳಿಗೆ ಅತಿ ಹೆಚ್ಚು ಅಪಾಯ ತರಬಹುದಾದ ಕಾಲ ಅದನ್ನು ಶುದ್ಧ ಮಾಡುವ ಕೆಲವು ವಾರಗಳೇ. ಹಾಗಂತ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಹೇಗೆ, ಯಾವಾಗ, ಎಷ್ಟರ ಮಟ್ಟಿಗೆ, ತೆಗೆದದ್ದು ಎಲ್ಲಿಗೆ ಅನ್ನುವುದು ಮೊದಲೇ ಬರವಣಿಗೆಯಲ್ಲಿ ಬರಬೇಕು. ಅದನ್ನು ಕೇಳುವ ಹಕ್ಕು ಶಾಲೆಗಿದೆ.

ನಮ್ಮ ಕರಾವಳಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಕಾರವಾರದಿಂದ ಭಟ್ಕಳದವರೆಗೆ ನಮ್ಮದು ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಸಪೂರ ಪಟ್ಟಿ. ಅದರಲ್ಲೇ ಹೆದ್ದಾರಿ, ಅದರಲ್ಲೇ ಕೊಂಕಣ ರೈಲು, ಅದರಲ್ಲೇ ಸೀಬರ್ಡ್ ನೌಕಾನೆಲೆ. ಉಳಿದ ಜಾಗದಲ್ಲಿ ಮನೆ, ಶಾಲೆ, ಗದ್ದೆ, ವರ್ಕ್‌ಶಾಪು ಎಲ್ಲ ಒತ್ತೊತ್ತಾಗಿವೆ. ಖಾಲಿ ಜಾಗ ಸಿಕ್ಕರೆ ಅಂಗನವಾಡಿಗೋ ಆಟದ ಮೈದಾನಕ್ಕೋ ಕೊಟ್ಟುಬಿಡೋಣ ಅನಿಸುವುದು ಸಹಜ. ಆ ಖಾಲಿ ಜಾಗದಲ್ಲಿ ಮೊದಲು ಏನಿತ್ತು ಅಂತ ಕೇಳುವವರು ಕಡಿಮೆ.

ದೊಡ್ಡ ಚಿಮಣಿ ಇದ್ದರೆ ಮಾತ್ರ ವಿಷ ಅಂತಲೂ ಅಂದುಕೊಳ್ಳಬಾರದು. ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುವ ಗುಜರಿ ಅಂಗಡಿಯ ಹಿತ್ತಲು ಸಾಕು. ವರ್ಷಗಟ್ಟಲೆ ಕರಿ ಆಯಿಲ್ ಚೆಲ್ಲಿದ ಗ್ಯಾರೇಜು, ಟ್ಯಾಂಕು ಸೋರಿದ ಪೆಟ್ರೋಲ್ ಬಂಕು, ಮರಕ್ಕೆ ಹುಳ ಹಿಡಿಯದ ಹಾಗೆ ತಾಮ್ರ, ಕ್ರೋಮಿಯಂ, ಅರ್ಸೆನಿಕ್ ಸೇರಿದ ಔಷಧಿ ಹಾಕುತ್ತಿದ್ದ ಜಾಗ, ದೋಣಿಯ ಹಳೆ ಬಣ್ಣ ಕೆರೆಯುವ ಕಟ್ಟೆ, ಇವೆಲ್ಲ ಪಟ್ಟಿಗೆ ಬರುತ್ತವೆ. ದೊಡ್ಡದರ ಉದಾಹರಣೆಯೂ ನಮ್ಮಲ್ಲಿದೆ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಆಸುಪಾಸಿನ ಪಾದರಸದ ಬಗ್ಗೆ ವಿಜ್ಞಾನಿಗಳು 1990ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದಿದ್ದರು. ಆ ಕಾಲದ ಕಾಸ್ಟಿಕ್ ಸೋಡಾ ತಯಾರಿಕೆಯಲ್ಲಿ ಪಾದರಸ ಬಳಸುವುದು ಪ್ರಪಂಚದಲ್ಲೆಲ್ಲ ರೂಢಿಯಲ್ಲಿತ್ತು. ಆಮೇಲೆ ಪಾದರಸ ಬೇಡದ ಮೆಂಬ್ರೇನ್ ವಿಧಾನ ಬಂತು. ಹಾಗಾಗಿ ಇವತ್ತು ಅಲ್ಲಿನ ಯಾವುದೋ ಶಾಲೆಯ ಮಣ್ಣು ಕೆಟ್ಟಿದೆ ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ ಮಣ್ಣು ಪರೀಕ್ಷೆ ಮಾಡಿಸಿ ಅಂತ ಕೇಳುವುದು ಅತಿರೇಕವೇನಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಮಣ್ಣಿಗೆ ಸೇರಿದ ಲೋಹ ಕೊಳೆಯುವುದಿಲ್ಲ. ಮೊದಲು ತಿಳಿಯಬೇಕಾದ್ದು ಇದೇ. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕೂಡಿಸಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತದಲ್ಲಿರುವುದು ತಾಮ್ರ. ಮಳೆಗೆ ತೊಳೆದು ಕೆಳಗೆ ಬಿದ್ದ ತಾಮ್ರದ ಬಹುಪಾಲು ತೋಟದ ಮೇಲ್ಮಣ್ಣಿನಲ್ಲೇ ಕೂತುಕೊಳ್ಳುತ್ತದೆ. ಅಜ್ಜನ ಕಾಲದಲ್ಲಿ ಹೊಡೆದದ್ದೂ ಅಲ್ಲಿದೆ, ಈ ವರ್ಷದ್ದೂ ಅದರ ಮೇಲೆ ಸೇರುತ್ತದೆ. ತಾಮ್ರ ಮಕ್ಕಳಿಗೆ ಸೀಸದಷ್ಟು ಕೆಟ್ಟದ್ದಲ್ಲ. ಆದರೆ ಸೀಸ, ಕ್ಯಾಡ್ಮಿಯಂ, ಅರ್ಸೆನಿಕ್ ಕೂಡ ಹೀಗೇ ಮಣ್ಣಿನಲ್ಲಿ ಕೂರುತ್ತವೆ. ಪೆಟ್ರೋಲು, ಡೀಸೆಲ್ಲಾದರೆ ಸೂಕ್ಷ್ಮಜೀವಿಗಳು ನಿಧಾನವಾಗಿ ತಿಂದು ಕರಗಿಸುತ್ತವೆ. ಲೋಹಕ್ಕೆ ಆ ದಾರಿ ಇಲ್ಲ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ ಆಯ್ತು, ಎಲ್ಲ ಹೋಗಿರುತ್ತೆ ಅನ್ನುವ ಮಾತನ್ನು ನಂಬಬೇಡಿ.

ಮಕ್ಕಳ ವಿಷಯ ಬೇರೆ ಯಾಕೆ

ದೊಡ್ಡವರು ಮಣ್ಣಿನ ಮೇಲೆ ನಡೆಯುತ್ತಾರೆ, ಮಕ್ಕಳು ಮಣ್ಣಿನಲ್ಲೇ ಇರುತ್ತಾರೆ. ಒಂದನೇ ತರಗತಿಯ ಮಗು ಮೈದಾನದಲ್ಲಿ ಕೂತು ಗುಳಿ ತೋಡುತ್ತದೆ, ಅದೇ ಕೈಯಲ್ಲಿ ಕಣ್ಣುಜ್ಜುತ್ತದೆ, ಬೆರಳು ಚೀಪುತ್ತದೆ. ಅಪಾಯದ ಲೆಕ್ಕ ಹಾಕುವ ತಜ್ಞರು ಚಿಕ್ಕ ಮಗು ದಿನಕ್ಕೆ 200 ಮಿಲಿಗ್ರಾಂವರೆಗೆ ಮಣ್ಣು, ಧೂಳು ನುಂಗುತ್ತದೆ ಅಂತ ಹಿಡಿಯುವ ರೂಢಿ ಇದೆ. ಅಂದರೆ ಒಂದು ಸಣ್ಣ ಚಿಟಿಕೆ. ಮಣ್ಣು ತಿನ್ನುವ ಚಟ ಇಲ್ಲದ ಮಗುವಿನ ಲೆಕ್ಕ ಇದು.

ಒಳಗೆ ಹೋದ ಮೇಲೂ ವ್ಯತ್ಯಾಸ ಇದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆ ಇರುವ ಮಗುವಿನಲ್ಲಿ ಇನ್ನೂ ಜಾಸ್ತಿ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಸೀಸ ಕಲಿಕೆಯನ್ನೂ ಏಕಾಗ್ರತೆಯನ್ನೂ ಕುಗ್ಗಿಸುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಸೀಸಕ್ಕೆ ಇಲ್ಲ. ಮಗುವನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಜ್ವರ ಇಲ್ಲ, ಕೆಮ್ಮಿಲ್ಲ. ಓದಿನಲ್ಲಿ ಹಿಂದೆ ಬಿದ್ದಿದೆ ಅಂತ ಮೇಷ್ಟ್ರು ಹೇಳುತ್ತಾರೆ, ಮನೆಯಲ್ಲಿ ಬೈಗುಳ ಬೀಳುತ್ತದೆ. ರಕ್ತ ಪರೀಕ್ಷೆ ಮಾಡಿಸದ ಹೊರತು ಕಾರಣ ಹೊರಬರುವುದಿಲ್ಲ. ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸ ಇದ್ದರೆ ಮೂಲ ಹುಡುಕಿ ಅದನ್ನು ತಪ್ಪಿಸಬೇಕು ಅಂತ ಅದೇ ಸಂಸ್ಥೆ 2021ರಲ್ಲಿ ಹೇಳಿದೆ.

ಹಾಗಾಗಿ ಬಿಸಿಯೂಟದ ಮೊದಲು ಸೋಪು ಹಚ್ಚಿ ಕೈ ತೊಳೆಸುವುದು, ತರಗತಿಯನ್ನು ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಚಪ್ಪಲಿ ಹೊರಗೆ ಬಿಡುವುದು, ಇವು ಸಣ್ಣ ಕೆಲಸ ಅಲ್ಲ. ಮಣ್ಣಿನ ವರದಿ ಬರುವವರೆಗೆ ಕಾಯುವ ಶಾಲೆ ಇವತ್ತೇ ಮಾಡಬಹುದಾದ ಕೆಲಸ ಇವು.

ಇಲ್ಲೊಂದು ಸರಳ ತರ್ಕ ಇದೆ. ವಿಷ ಇರಬೇಕು, ಅದು ಮಗುವನ್ನು ಮುಟ್ಟಲು ದಾರಿ ಇರಬೇಕು, ಆ ದಾರಿಯ ಕೊನೆಯಲ್ಲಿ ಮಗು ಇರಬೇಕು. ಮೂರೂ ಕೂಡಿದರೆ ಮಾತ್ರ ಹಾನಿ. ಮಣ್ಣು ಶುದ್ಧ ಮಾಡುವ ವಿಧಾನಗಳೆಲ್ಲ ಈ ಮೂರರಲ್ಲಿ ಒಂದನ್ನು ಕಡಿಯುತ್ತವೆ. ಅಗೆದು ಸಾಗಿಸಿದರೆ ವಿಷವೇ ಹೋಯಿತು. ಮೇಲೆ ದಪ್ಪ ಹಾಳೆ ಹಾಸಿ, ಜೇಡಿ ಮತ್ತು ಒಳ್ಳೆ ಮಣ್ಣು ಹಾಕಿ ಮುಚ್ಚಿದರೆ ದಾರಿ ಕಡಿಯಿತು. ಸಿಮೆಂಟು, ಫಾಸ್ಫೇಟ್ ಬೆರೆಸಿ ಲೋಹ ಕರಗದ ಹಾಗೆ ಕಟ್ಟಿಹಾಕುವುದೂ ದಾರಿ ಕಡಿಯುವ ಕೆಲಸವೇ. ಬೇಲಿ ಹಾಕುವುದು, ಶಾಲೆಯನ್ನು ಸ್ವಲ್ಪ ಕಾಲ ಬೇರೆ ಕಡೆ ನಡೆಸುವುದು ಮಗುವನ್ನು ದೂರ ಇಡುವ ಉಪಾಯ. ಯಾರಾದರೂ ಯೋಜನೆ ಹಿಡಿದು ಬಂದರೆ ನೀವು ಯಾವುದನ್ನು ಕಡಿಯುತ್ತಿದ್ದೀರಿ, ಅದು ಎಷ್ಟು ವರ್ಷ ಬಾಳುತ್ತದೆ ಅಂತ ಕೇಳಿ.

ಒಂದು ಅಂಕಿ ಹೇಗೆ ತಯಾರಾಗುತ್ತದೆ

ಮಣ್ಣಿನ ವರದಿಯಲ್ಲಿ ಒಂದು ಕಿಲೋ ಮಣ್ಣಿಗೆ ಇಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಒಂದು ಕಿಲೋದಲ್ಲಿ ಹತ್ತು ಲಕ್ಷ ಮಿಲಿಗ್ರಾಂ ಇದೆ. ಸೀಸ 200 ಅಂದರೆ ಹತ್ತು ಲಕ್ಷ ಪಾಲಿನಲ್ಲಿ 200 ಪಾಲು. ಮನೆ, ಆಟದ ಜಾಗದ ಮಣ್ಣಿನಲ್ಲಿ ಸೀಸ 400 ದಾಟಿದರೆ ಮುಂದಿನ ತನಿಖೆ ಮಾಡಬೇಕು ಅಂತ ಅಮೆರಿಕದ ಪರಿಸರ ಸಂಸ್ಥೆ 1994ರಿಂದ ಹೇಳುತ್ತಿತ್ತು. 2024ರಲ್ಲಿ ಆ ಗೆರೆಯನ್ನು 200ಕ್ಕೆ ಇಳಿಸಿತು. ಮೂವತ್ತು ವರ್ಷ ನಡೆದುಬಂದ ಗೆರೆಯೂ ಹೀಗೆ ಅರ್ಧಕ್ಕೆ ಇಳಿಯಬಹುದು.

ಅಂಕಿಗಿಂತ ಮೊದಲು ಅದು ಬಂದ ರೀತಿ ನೋಡಬೇಕು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಮೈದಾನದಲ್ಲಿ ಹತ್ತು ಕಡೆ ಮಣ್ಣು ತೆಗೆದರು ಅಂತ ಇಟ್ಟುಕೊಳ್ಳಿ. ಒಂಬತ್ತು ಕಡೆ ಸೀಸ 50 ಇದೆ. ಹತ್ತನೇ ಕಡೆ, ಹಳೆ ಗೋಡೆಯ ಬುಡದಲ್ಲಿ, ಹಿಂದೆ ಬ್ಯಾಟರಿ ರಾಶಿ ಹಾಕುತ್ತಿದ್ದಲ್ಲಿ, 1,500 ಇದೆ. ಹತ್ತನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿ ಒಂದು ಪೊಟ್ಟಣ ಪ್ರಯೋಗಾಲಯಕ್ಕೆ ಕಳಿಸಿದರೆ ಬರುವ ಉತ್ತರ 195. ಗೆರೆ 200 ಆಗಿದ್ದರೆ ಮೈದಾನ ಪಾಸು! ಆದರೆ ಆ ಗೋಡೆ ಬುಡದಲ್ಲೇ ಮಕ್ಕಳು ನೆರಳಿಗೆ ಕೂರುತ್ತಾರೆ. ಹತ್ತು ಮನೆಯ ಸಾರು ಒಂದೇ ಹಂಡೆಗೆ ಸುರಿದರೆ ಯಾರ ಮನೆಯಲ್ಲಿ ಉಪ್ಪು ಜಾಸ್ತಿಯಾಗಿತ್ತು ಅಂತ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಆದ್ದರಿಂದ ಮಣ್ಣನ್ನು ಬೇರೆ ಬೇರೆ ಪೊಟ್ಟಣ ಮಾಡಿದ್ದೀರಾ, ಎಲ್ಲಿಂದ ತೆಗೆದಿರಿ, ಎಷ್ಟು ಆಳದಿಂದ ಅಂತ ಕೇಳಬೇಕು. ಮಗುವಿನ ಕೈಗೆ ಹತ್ತುವುದು ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣು. ಅರ್ಧ ಮೀಟರ್ ಆಳದ ಮಣ್ಣನ್ನು ಅದರ ಜೊತೆ ಕಲಸಿದರೆ ಮೇಲಿನದರ ಸತ್ಯ ತೆಳುವಾಗುತ್ತದೆ. ಬಾವಿಯ ಚಿಂತೆ ಇದ್ದರೆ ಮಾತ್ರ ಆಳದ ಮಣ್ಣು ಬೇಕು, ಅದೂ ಬೇರೆ ಪೊಟ್ಟಣದಲ್ಲಿ. ಈಗ ಕೈಯಲ್ಲಿ ಹಿಡಿದು ಮಣ್ಣಿಗೆ ಒತ್ತಿದರೆ ಒಂದೆರಡು ನಿಮಿಷದಲ್ಲಿ ಲೋಹದ ಪ್ರಮಾಣ ತೋರಿಸುವ ಎಕ್ಸ್‌ಆರ್‌ಎಫ್ ಯಂತ್ರ ಇದೆ. ಪ್ರಯೋಗಾಲಯದಷ್ಟು ಕರಾರುವಾಕ್ಕಲ್ಲ, ಆದರೆ ಇಡೀ ಮೈದಾನ ಚೌಕ ಚೌಕವಾಗಿ ನೋಡಿ ಕೆಟ್ಟ ಮೂಲೆ ಹುಡುಕಲು ಒಳ್ಳೆಯದು. ಶಾಲಾಭಿವೃದ್ಧಿ ಸಮಿತಿಯವರು ಮಣ್ಣು ತೆಗೆಯುವ ದಿನ ಜೊತೆಗೆ ನಿಂತು, ಜಾಗದ ಫೋಟೋ ತೆಗೆದಿಟ್ಟುಕೊಳ್ಳಬೇಕು.

ಇನ್ನು ಎಷ್ಟು ಶುದ್ಧವಾದರೆ ಸಾಕು ಅನ್ನುವ ಜಗಳ. ಕೊಡೈಕೆನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಪಾದರಸ ಮೆತ್ತಿದ ಗಾಜಿನ ಚೂರು ಊರೊಳಗಿನ ಗುಜರಿಯಲ್ಲಿ ಸಿಕ್ಕಿತ್ತು. 2003ರಲ್ಲಿ ಪಾದರಸ ಸೇರಿದ ತ್ಯಾಜ್ಯವನ್ನು ಅಮೆರಿಕಕ್ಕೆ ವಾಪಸ್ ಕಳಿಸಿದರು. ಕಾರ್ಖಾನೆಯ ಮಣ್ಣಿನ ಪ್ರಶ್ನೆ ಮಾತ್ರ ವರ್ಷಗಟ್ಟಲೆ ಎಳೆಯಿತು. ಪಾದರಸ ಕಿಲೋ ಮಣ್ಣಿಗೆ 20 ಮಿಲಿಗ್ರಾಂಗೆ ಇಳಿದರೆ ಸಾಕು ಅನ್ನುವ ಗುರಿಗೆ ಒಪ್ಪಿಗೆ ಸಿಕ್ಕಿತು. ಬೇರೆ ದೇಶಗಳಲ್ಲಿ ಇದಕ್ಕಿಂತ ಕಟ್ಟುನಿಟ್ಟಾದ ಗುರಿ ಇದೆ, ಕೆಳಗೆ ಪಾಂಬಾರ್ ಶೋಲಾ ಕಾಡು, ಹೊಳೆ ಇದೆ, ನಮಗೆ ಯಾಕೆ ಸಡಿಲ ಅಂತ ಊರವರೂ ಹೋರಾಟಗಾರರೂ ಕೇಳಿದರು. ನನಗೆ ಅವರ ಪ್ರಶ್ನೆ ಸರಿ ಅನಿಸುತ್ತದೆ. ಕೈಗಾರಿಕೆಯ ಜಾಗ ಅಂತ ಬರೆದರೆ ಗುರಿ ಸಡಿಲ, ವಾಸದ ಜಾಗ ಅಂದರೆ ಬಿಗಿ. ಕಾಗದದಲ್ಲಿ ಕೈಗಾರಿಕೆ ಅಂತಿದ್ದರೂ ಬೇಲಿಯಾಚೆ ಶಾಲೆ ಇದ್ದರೆ ಮಕ್ಕಳ ಲೆಕ್ಕವನ್ನೇ ಹಿಡಿಯಬೇಕು.

ನಮ್ಮ ಗಾಳಿ, ನಮ್ಮ ಮಳೆ

ಬೇರೆ ಊರಿನ ಯೋಜನೆಯನ್ನು ಹಾಗೇ ತಂದು ಕಾರವಾರದಲ್ಲೋ ಕುಮಟಾದಲ್ಲೋ ಇಳಿಸಿದರೆ ನಡೆಯುವುದಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲ ಹೆಚ್ಚಿನ ಕಡೆ ಜಂಬಿಟ್ಟಿಗೆ. ಚಿರೇಕಲ್ಲು ಕಡಿದ ಗುಂಡಿ ನೋಡಿದವರಿಗೆ ಗೊತ್ತು, ಆ ಕಲ್ಲಿನ ತುಂಬ ತೂತು. ಮೇಲೆ ಬಿದ್ದ ನೀರು ಸರ್ರನೆ ಇಳಿದು ಬಾವಿ ಸೇರುತ್ತದೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಕೆಟ್ಟ ಮಣ್ಣಿನ ಪದರ ಆಗ ನೀರಿನಲ್ಲಿ ಮುಳುಗಿರುತ್ತದೆ. ಆದ್ದರಿಂದ ಶಾಲೆ ಬಾವಿಯ ನೀರನ್ನು ಏಪ್ರಿಲ್‌ನಲ್ಲಿ ಒಂದು ಸಲ ಪರೀಕ್ಷಿಸಿ ಚೆನ್ನಾಗಿದೆ ಅಂದರೆ ಸಾಲದು. ಮಳೆಗಾಲದ ಮಧ್ಯೆಯೂ ನೋಡಬೇಕು, ಮಳೆ ಬಿಟ್ಟ ಮೇಲೂ ನೋಡಬೇಕು.

ಬಾವಿ ಒಮ್ಮೆ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ರಾಜಸ್ಥಾನದ ಬಿಚ್ಛ್ರಿ ಇದೆ. ಉದಯಪುರದ ಹತ್ತಿರದ ಹಳ್ಳಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಎಚ್ ಆಸಿಡ್ ಅನ್ನುವ ಬಣ್ಣದ ಕಚ್ಚಾವಸ್ತು ತಯಾರಾಗುತ್ತಿದ್ದದ್ದು ಸ್ವಲ್ಪ ಕಾಲ. ಅಷ್ಟರಲ್ಲೇ ಸುತ್ತಲಿನ ಬಾವಿಗಳ ನೀರಿನ ಬಣ್ಣ ಬದಲಾಯಿತು, ಕುಡಿಯಲು ಬಾರದಂತಾಯಿತು. ಕೆಡಿಸಿದವರೇ ಶುದ್ಧ ಮಾಡುವ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಹಣ ಬರಲಿಲ್ಲ. 2011ರಲ್ಲಿ ಮತ್ತೆ ಅದೇ ಕೋರ್ಟು 37 ಕೋಟಿಗೂ ಜಾಸ್ತಿ ಹಣವನ್ನು ಬಡ್ಡಿ ಸಮೇತ ಕಟ್ಟಿ ಅನ್ನಬೇಕಾಯಿತು.

ನಮ್ಮಲ್ಲಿ ಬಾವಿಯ ಆಚೆ ಹೊಳೆ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಕೊನೆಗೆ ಅಳಿವೆಗೆ ಬರುತ್ತವೆ. ಅಳಿವೆಯ ಕೆಸರಿನಲ್ಲಿ ಬಳಚು ಆರಿಸುವ ಹೆಂಗಸರಿದ್ದಾರೆ. ಚಿಪ್ಪಿನ ಜೀವಿ ನೀರು ಸೋಸಿ ತಿನ್ನುತ್ತದೆ. ನೀರಿನಲ್ಲಿದ್ದದ್ದು ಅದರ ಮೈಯಲ್ಲಿ ಕೂಡುತ್ತದೆ. ಪಾದರಸವಾದರೆ ಕೆಸರಿನ ಬ್ಯಾಕ್ಟೀರಿಯಾ ಅದನ್ನು ಇನ್ನೂ ಅಪಾಯದ ರೂಪಕ್ಕೆ ಬದಲಿಸುತ್ತವೆ, ಅದು ಮೀನಿನಿಂದ ಮೀನಿಗೆ ಏರುತ್ತಾ ಹೋಗುತ್ತದೆ. ಅಗೆದ ಗುಂಡಿಯ ನೀರನ್ನು ಪಂಪು ಹಚ್ಚಿ ಹತ್ತಿರದ ಹಳ್ಳಕ್ಕೆ ಬಿಡಲು ಯಾರಿಗೂ ಅವಕಾಶ ಕೊಡಬಾರದು. ಅದು ಟ್ಯಾಂಕರಿಗೆ ಹೋಗಬೇಕು, ಪರೀಕ್ಷೆಯಾಗಿ ಶುದ್ಧವಾದ ಮೇಲೆಯೇ ಹೊರಗೆ ಬರಬೇಕು.

ಹಾಗಾದರೆ ಯಾವಾಗ ಅಗೆಯಬೇಕು? ಮಳೆಗಾಲದಲ್ಲಿ ಖಂಡಿತ ಅಲ್ಲ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಗುಂಡಿ ತೆರೆದೇ ಇದ್ದರೆ ಅದು ವಿಷದ ಕೆರೆಯಾಗುತ್ತದೆ. ಮಳೆ ಬಿಟ್ಟ ಮೇಲೆ ಶಾಲೆ ನಡೆಯುತ್ತಿರುತ್ತದೆ. ಉಳಿಯುವುದು ಬೇಸಿಗೆ ರಜೆ, ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಮೇ ಕೊನೆಯಲ್ಲಿ ಅಡ್ಡಮಳೆ ಬೀಳುತ್ತದೆ. ಹಾಗಾಗಿ ಕೈಗೆ ಸಿಗುವುದು ನಾಲ್ಕೈದು ವಾರ. ಅಷ್ಟರಲ್ಲಿ ಮುಗಿಯದ ಕೆಲಸ ಇದ್ದರೆ ಜಾಗವನ್ನು ತುಂಡು ಮಾಡಿಕೊಂಡು ಒಂದೊಂದು ಬೇಸಿಗೆಗೆ ಒಂದೊಂದು ತುಂಡು ತೆಗೆಯಬೇಕು. ಟೆಂಡರು ಜನವರಿಯಲ್ಲಿ ಆಗದಿದ್ದರೆ ಏಪ್ರಿಲ್‌ನಲ್ಲಿ ಕೆಲಸ ಶುರುವಾಗುವುದಿಲ್ಲ. ಗುತ್ತಿಗೆದಾರ ಮೇ ಮೂರನೇ ವಾರಕ್ಕೆ ಯಂತ್ರ ತಂದರೆ ಆ ವರ್ಷಕ್ಕೆ ಬೇಡ ಅಂತ ವಾಪಸ್ ಕಳಿಸುವ ಧೈರ್ಯ ಇರಬೇಕು.

ಬೇಸಿಗೆಯ ತೊಂದರೆ ಧೂಳು. ಕರಾವಳಿಯಲ್ಲಿ ಹಗಲು ಹೊತ್ತೇರಿದ ಮೇಲೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ರಾತ್ರಿಯಿಂದ ಬೆಳಗಿನ ಜಾವದವರೆಗೆ ನೆಲದಿಂದ ಕಡಲಿಗೆ. ಶಾಲೆಯೋ ಮನೆಗಳೋ ಜಾಗದ ಪೂರ್ವಕ್ಕಿದ್ದರೆ ಮಧ್ಯಾಹ್ನ ಎದ್ದ ಧೂಳು ನೇರ ಅಲ್ಲಿಗೇ ಹೋಗುತ್ತದೆ. ಅಲ್ಲಿ ಬೆಳಗ್ಗೆ ಬೇಗ ಅಗೆದು ಗಾಳಿ ತಿರುಗುವ ಮೊದಲು ನಿಲ್ಲಿಸುವುದು ಸರಿ. ಕೇರಿ ಪಶ್ಚಿಮಕ್ಕೆ, ಕಡಲ ಬದಿಗಿದ್ದರೆ ಲೆಕ್ಕ ತಿರುವುಮುರುವು. ಇಷ್ಟು ಸಣ್ಣ ವಿಷಯ ಯೋಜನೆಯ ಕಡತದಲ್ಲಿ ಇರುವುದಿಲ್ಲ, ಆದರೆ ಇಲ್ಲಿನ ಯಾವ ಮೀನುಗಾರನನ್ನು ಕೇಳಿದರೂ ಹೇಳುತ್ತಾನೆ.

ಅಗೆಯುವಾಗ ನೀರು ಚಿಮುಕಿಸುತ್ತಲೇ ಇರಬೇಕು. ಅಗೆದ ರಾಶಿಗೆ ಸಂಜೆ ತಾಡಪತ್ರಿ ಹೊದಿಸಬೇಕು. ಹೊರಗೆ ಹೋಗುವ ಲಾರಿಯ ಟಯರು ಗೇಟಿನಲ್ಲೇ ತೊಳೆಯಬೇಕು. ಬೇಲಿಯಲ್ಲಿ ಧೂಳು ಅಳೆಯುವ ಯಂತ್ರ ಇರಬೇಕು. ಇದರಲ್ಲೂ ಒಂದು ಸೂಕ್ಷ್ಮ ಇದೆ. ಪಿಎಂ 10 ಅನ್ನುವ ಸಾಮಾನ್ಯ ಧೂಳಿಗೆ ನಮ್ಮ ದೇಶದ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ಸೀಸಕ್ಕೆ ಬೇರೆಯೇ ಮಿತಿ ಇದೆ, ಬರೀ 1 ಮೈಕ್ರೋಗ್ರಾಂ. ಧೂಳು ಮಿತಿಯೊಳಗಿದೆ ಅಂತ ಹೇಳಿದರೆ ಅರ್ಧ ಉತ್ತರ. ಆ ಧೂಳಿನಲ್ಲಿ ಸೀಸ ಎಷ್ಟು ಅಂತ ಕೇಳಿ. ಮಕ್ಕಳ ರಕ್ತ ಪರೀಕ್ಷೆಯೂ ಕೆಲಸ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಆಗಬೇಕು. ಮೊದಲಿನದು ಇಲ್ಲದಿದ್ದರೆ ಆಮೇಲಿನದಕ್ಕೆ ಹೋಲಿಸಲು ಏನೂ ಇರುವುದಿಲ್ಲ.

ಲಾರಿ ಎಲ್ಲಿಗೆ ಹೋಗುತ್ತದೆ? ನಮ್ಮ ರಾಜ್ಯದಲ್ಲಿ ಅಪಾಯಕಾರಿ ತ್ಯಾಜ್ಯ ಹೂಳುವ ಒಂದು ವ್ಯವಸ್ಥೆ ಇರುವುದು ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ದಾಟಿ ಹೋಗಬೇಕು. ಆ ದಾರಿ ಹೇಗಿದೆ ಅಂತ ನಮಗೆಲ್ಲ ಗೊತ್ತು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು, ಗ್ಯಾಸ್ ಟ್ಯಾಂಕರ್ ಗಂಗಾವಳಿಗೆ ಬಿತ್ತು. ವಿಷದ ಮಣ್ಣು ಹೊತ್ತ ಲಾರಿಯನ್ನು ಮಳೆಗಾಲದಲ್ಲಿ ನಮ್ಮ ರಸ್ತೆಗೆ ಬಿಡಬಾರದು ಅನ್ನಲು ಬೇರೆ ಕಾರಣ ಬೇಕಿಲ್ಲ. ಹತ್ತಿರದಲ್ಲೇ ಹೊಂಡ ಹುಡುಕಿ ಸುರಿದು ಬರುವ ಆಸೆ ಗುತ್ತಿಗೆದಾರನಿಗೆ ಬರಬಹುದು. ಪ್ರತಿ ಲಾರಿಗೂ ಹೊರಟ ತೂಕ, ಮುಟ್ಟಿದ ತೂಕದ ಚೀಟಿ ಇರಬೇಕು. ಎರಡರ ಪ್ರತಿಯೂ ಶಾಲೆಗೆ ಬರಬೇಕು.

ಸಾಗಿಸಿದ ಮೇಲೆ ಅದು ಇನ್ಯಾರದೋ ಊರು ಅನ್ನುವುದನ್ನೂ ಮರೆಯಬಾರದು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1984ರ ದುರಂತದ ನಂತರ ಬಿದ್ದಿದ್ದ ತ್ಯಾಜ್ಯದಲ್ಲಿ 337 ಟನ್ ಹೊರಗೆ ಹೋಗಲು 40 ವರ್ಷ ಹಿಡಿಯಿತು. 2025ರ ಹೊಸ ವರ್ಷದ ರಾತ್ರಿ ಕಂಟೇನರುಗಳು ಪೀಥಂಪುರಕ್ಕೆ ಹೊರಟವು. ಪೀಥಂಪುರದ ಜನ ಬೀದಿಗಿಳಿದರು. ಅವರಿಗೂ ಮಕ್ಕಳಿದ್ದಾರೆ. ಕೊನೆಗೆ ತ್ಯಾಜ್ಯವನ್ನು ಅಲ್ಲೇ ಸುಟ್ಟರು. ಭೋಪಾಲದ ಕಾರ್ಖಾನೆ ಸುತ್ತಲಿನ ಮಣ್ಣು, ಅಂತರ್ಜಲದ ಕೆಲಸ ಮಾತ್ರ ಹಾಗೇ ಉಳಿದಿದೆ.

ಇದನ್ನೆಲ್ಲ ನೋಡಿ, ಅಗೆಯುವುದೇ ಬೇಡ, ಮುಚ್ಚಿಬಿಡೋಣ ಅನ್ನುವವರಿದ್ದಾರೆ. ಕೆಲವು ಜಾಗಕ್ಕೆ ಅದೇ ಸರಿ. ಆದರೆ ಮುಚ್ಚಿದ ಜಾಗವನ್ನು ಕಾಯುವವರು ಬೇಕು. ಅಮೆರಿಕದ ನಯಾಗರಾ ಫಾಲ್ಸ್ ಪಟ್ಟಣದ ಲವ್ ಕೆನಾಲ್‌ನಲ್ಲಿ ಒಂದು ರಾಸಾಯನಿಕ ಕಂಪನಿ 1942ರಿಂದ 1953ರವರೆಗೆ ಸುಮಾರು 21,000 ಟನ್ ತ್ಯಾಜ್ಯ ಹೂತು ಮೇಲೆ ಮಣ್ಣು ಮುಚ್ಚಿತು. ಆ ಜಾಗವನ್ನು ಒಂದು ಡಾಲರಿಗೆ ಅಲ್ಲಿನ ಶಾಲಾ ಮಂಡಳಿಗೆ ಮಾರಿತು. ಕೆಳಗೆ ರಾಸಾಯನಿಕ ಇದೆ ಅಂತ ಪತ್ರದಲ್ಲಿ ಬರೆದೇ ಇತ್ತು. ಅದರ ಮೇಲೆ ಶಾಲೆ ಎದ್ದಿತು, ಸುತ್ತ ಮನೆಗಳಾದವು. 1970ರ ದಶಕದಲ್ಲಿ ಮಳೆ, ಹಿಮ ಜಾಸ್ತಿಯಾದಾಗ ಹೂತದ್ದು ಮೇಲೆ ಬಂತು, ಮನೆಗಳ ನೆಲಮಾಳಿಗೆಗೆ ನುಗ್ಗಿತು. ಮಗನಿಗೆ ಕಾಯಿಲೆಯಾದ ತಾಯಿ ಲೋಯಿಸ್ ಗಿಬ್ಸ್ ಮನೆಮನೆಗೆ ಹೋಗಿ ಜನರನ್ನು ಸೇರಿಸಿದರು. 1978ರಲ್ಲಿ ಶಾಲೆ ಮುಚ್ಚಿತು, ತುರ್ತು ಪರಿಸ್ಥಿತಿ ಘೋಷಣೆಯಾಯಿತು. 1980ರಲ್ಲಿ ಅಮೆರಿಕ ಕಲುಷಿತ ಜಾಗಗಳಿಗಾಗಿಯೇ ಕಾನೂನು ಮಾಡಿತು. ಅಲ್ಲಿಯ ಮಳೆ ನಮ್ಮ ಮಳೆಯ ಮುಂದೆ ಏನೂ ಅಲ್ಲ.

ಯಾರ ಬಾಗಿಲು ಬಡಿಯಬೇಕು

ನಮ್ಮ ದೇಶದಲ್ಲಿ ಅಂಥ ನಿಯಮ ಬಂದದ್ದು 2025ರ ಜುಲೈನಲ್ಲಿ. ಕಲುಷಿತ ಜಾಗಗಳ ನಿರ್ವಹಣೆಗಾಗಿ ಪರಿಸರ ಸಂರಕ್ಷಣಾ ಕಾಯಿದೆಯಡಿ ಕೇಂದ್ರ ಸರ್ಕಾರ ಹೊರಡಿಸಿತು. ಅಷ್ಟು ಹೊತ್ತಿಗೆ ದೇಶದಲ್ಲಿ 103 ಜಾಗ ಗುರುತಾಗಿತ್ತು, ಶುದ್ಧ ಮಾಡುವ ಕೆಲಸ ಶುರುವಾಗಿದ್ದದ್ದು 7ರಲ್ಲಿ ಮಾತ್ರ. ಹೊಸ ನಿಯಮದ ಪ್ರಕಾರ ಜಿಲ್ಲಾಡಳಿತ ಅಥವಾ ಸ್ಥಳೀಯ ಸಂಸ್ಥೆ ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಜನರ ದೂರಿನ ಮೇಲೂ ಜಾಗ ಪಟ್ಟಿಗೆ ಸೇರಬಹುದು. ಮಂಡಳಿ 90 ದಿನದಲ್ಲಿ ಮೊದಲ ಪರಿಶೀಲನೆ ಮಾಡಬೇಕು, ಅನುಮಾನ ಗಟ್ಟಿಯಾದರೆ ಮುಂದಿನ 3 ತಿಂಗಳಲ್ಲಿ ವಿವರವಾದ ತನಿಖೆ. ಕೆಟ್ಟಿದೆ ಅಂತ ಖಚಿತವಾದರೆ ಜಾಗವನ್ನು ಪ್ರಕಟಿಸಿ ಓಡಾಟ ನಿರ್ಬಂಧಿಸಬೇಕು. ಕೆಡಿಸಿದವರು ಯಾರು ಅಂತ 90 ದಿನದಲ್ಲಿ ಹುಡುಕಬೇಕು. ಖರ್ಚು ಅವರದ್ದು. ಅವರು ಸಿಗದಿದ್ದರೆ, ಕೊಡಲಾಗದಿದ್ದರೆ ಸರ್ಕಾರಗಳು ಹೊರಬೇಕು.

ಇದರಲ್ಲಿ ದೊಡ್ಡ ಕೊರತೆಯೊಂದಿದೆ. ಪರಿಶೀಲನೆಗೆ ದಿನ ಇದೆ, ತನಿಖೆಗೆ ದಿನ ಇದೆ, ಜಾಗ ಪೂರ್ತಿ ಶುದ್ಧವಾಗಲು ಕೊನೆಯ ದಿನ ಇಲ್ಲ. ವಿಕಿರಣ ತ್ಯಾಜ್ಯ, ಗಣಿಗಾರಿಕೆ, ಸಮುದ್ರದ ತೈಲ ಮಾಲಿನ್ಯ, ಊರ ಕಸದ ರಾಶಿ ಈ ನಿಯಮದ ಹೊರಗಿವೆ. ಅವಕ್ಕೆ ಬೇರೆ ಕಾನೂನು.

ಇಲ್ಲಿ ದೂರು ಕೊಡುವುದು ಜಿಲ್ಲಾಧಿಕಾರಿಗೆ ಮತ್ತು ಮಂಡಳಿಯ ಕಾರವಾರದ ಪ್ರಾದೇಶಿಕ ಕಚೇರಿಗೆ. ಸರ್ವೆ ನಂಬರ್, ಹಿಂದೆ ಅಲ್ಲಿ ಏನು ನಡೆಯುತ್ತಿತ್ತು, ಯಾವ ವರ್ಷದವರೆಗೆ, ಶಾಲೆ ಎಷ್ಟು ದೂರ, ಬಾವಿ ಎಷ್ಟು ದೂರ, ಇಷ್ಟು ಬರೆದರೆ ಸಾಕು. ಅಲ್ಲಿ ದುಡಿದ ಹಿರಿಯರ ನೆನಪು ಇಲ್ಲಿ ಬಹಳ ಬೆಲೆ ಬಾಳುತ್ತದೆ. ಎಲ್ಲಿ ಡ್ರಮ್ಮು ತೊಳೆಯುತ್ತಿದ್ದರು, ಯಾವ ಮೂಲೆಯಲ್ಲಿ ಗಸಿ ಸುರಿಯುತ್ತಿದ್ದರು ಅನ್ನುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ದೂರಿಗೆ ಲಗತ್ತಿಸಿ. ವರದಿ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಅದೂ ಆಗದಿದ್ದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಇದೆ.

ಊರಲ್ಲಿ ಬಾಯಿ ಬಿಡಲು ಅಡ್ಡಿಯಾಗುವುದು ಕಾನೂನು ಗೊತ್ತಿಲ್ಲ ಅನ್ನುವುದಲ್ಲ. ಮಾವ ಆ ಕಾರ್ಖಾನೆಯಲ್ಲಿ ದುಡಿದು ಮನೆ ಕಟ್ಟಿದ್ದು. ಪಕ್ಕದವನು ಜಾಗ ಮಾರಲು ಕೂತಿದ್ದಾನೆ. ಊರಿನ ಮೀನಿನಲ್ಲಿ ವಿಷ ಇದೆ ಅಂತ ಪೇಪರಿನಲ್ಲಿ ಬಂದರೆ ಬುಟ್ಟಿ ಹೊತ್ತು ಹೋಗುವ ಅಕ್ಕನ ಮೀನು ಯಾರು ಕೊಳ್ಳುತ್ತಾರೆ? ಈ ಮೂವರದ್ದೂ ನ್ಯಾಯವಾದ ಚಿಂತೆ. ಅವರನ್ನು ಬಿಟ್ಟು ಸಭೆ ಮಾಡಿದರೆ ಊರು ಎರಡಾಗುತ್ತದೆ. ನನ್ನ ಅನಿಸಿಕೆ, ಮಣ್ಣಿನ ಜೊತೆ ಮೀನು, ಬಳಚು, ಬಾವಿ ನೀರನ್ನೂ ಪರೀಕ್ಷೆ ಮಾಡಿಸಿ ಎಲ್ಲ ಅಂಕಿಗಳನ್ನೂ ಒಟ್ಟಿಗೆ ಹೊರಗಿಡಬೇಕು. ಅಂಕಿ ಇಲ್ಲದ ಸುದ್ದಿ ವ್ಯಾಪಾರವನ್ನು ಜಾಸ್ತಿ ಕೆಡಿಸುತ್ತದೆ.

ಕೆಲಸ ಮುಗಿದ ಮೇಲೆ ಮತ್ತೆ ಮಣ್ಣು ತೆಗೆದು ನೋಡಬೇಕು, ಆ ವರದಿ ಕನ್ನಡದಲ್ಲಿ ಶಾಲೆಗೆ ಬರಬೇಕು. ತುಂಬಲು ಹೊರಗಿನಿಂದ ತಂದ ಮಣ್ಣನ್ನೂ ಪರೀಕ್ಷಿಸಬೇಕು, ಅದು ಎಲ್ಲಿಯದೋ ಯಾರಿಗೆ ಗೊತ್ತು. ಸುತ್ತಲಿನ ಬಾವಿಗಳನ್ನು ಮುಂದಿನ ಕೆಲವು ವರ್ಷ ಮಳೆಗೆ ಮೊದಲು, ಮಳೆ ನಡುವೆ, ಮಳೆಯ ನಂತರ ನೋಡುತ್ತಿರಬೇಕು, ಅದರ ಹಣ ಟೆಂಡರಿನಲ್ಲೇ ಸೇರಿರಬೇಕು. ಮುಚ್ಚಿ ಬಿಟ್ಟ ಜಾಗವಾದರೆ ಅದರ ಸರ್ವೆ ನಂಬರಿನ ದಾಖಲೆಯಲ್ಲಿ ಕೆಳಗೆ ಏನಿದೆ, ಎಷ್ಟು ಆಳದಲ್ಲಿದೆ ಅಂತ ನಮೂದಾಗಬೇಕು. ಅದರ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಪ್ರತಿ ಶಾಲೆಯ ಕಪಾಟಿನಲ್ಲಿ ಇರಬೇಕು. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುವಾಗ ಹೊಸಬರಿಗೆ ಕೀಲಿಕೈ ಜೊತೆ ಆ ಕಡತವನ್ನೂ ಒಪ್ಪಿಸಬೇಕು.